ಎಡವಿದ್ದು ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆ

ಅಣ್ಣನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ನಮ್ಮ ಮನೆ ಬದಿಯಡ್ಕದ ಹತ್ತಿರ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಯುತ್ತದೆ, ಹಾಗಾಗಿ ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಎಂದರೆ ಅವಳಿಗೆ ಅಂಜಿಕೆ ಇಲ್ಲ. ಹೋದ ಮಳೆಗಾಲದಲ್ಲಿ, ಅಂಗಳಕ್ಕೆ ಇಳಿಯಲೂ ಆಗದ ದಿನಗಳಲ್ಲಿ, ಅವಳಿಗೋಸ್ಕರ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಲು ಕುಳಿತೆ. ಅದು ಲೆಕ್ಕ ಮಾಡುತ್ತದೆ, ಉತ್ತರ ತೋರಿಸುತ್ತದೆ, ಅಷ್ಟೇ. ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿ. ಪ್ರತಿ ಹೇಳಿಕೆಯ ಕೊನೆಗೆ ಒಂದು ಸೆಮಿಕೋಲನ್.

ಅವಳು ಬರೆದ ಮೊದಲ ಪ್ರೋಗ್ರಾಮ್ ಇದು:

ಅಡಿಕೆ = 12;
ದರ = 400
ಮೊತ್ತ = ಅಡಿಕೆ * ದರ;

ಪ್ರೋಗ್ರಾಮನ್ನು ಓದಿ ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡುವ ಸಾಧನವೇ ಕಂಪೈಲರ್. ನನ್ನ ಕಂಪೈಲರ್ ಕೊಟ್ಟ ಉತ್ತರ: “ಸಾಲು 3: ಸಿಂಟ್ಯಾಕ್ಸ್ ಎರರ್.”

ಅವಳು ಮೂರನೇ ಸಾಲನ್ನು ನೋಡಿದಳು. ಮತ್ತೆ ನೋಡಿದಳು. ಒಮ್ಮೆ ಅಳಿಸಿ ಹಾಗೇ ಬರೆದಳು. ಆಮೇಲೆ ಕರೆದಳು: “ಅಪ್ಪಚ್ಚಿ, ಮೂರನೇ ಗೆರೆಲಿ ಎಂತ ತಪ್ಪಿದ್ದು?”

ಮೂರನೇ ಗೆರೆಯಲ್ಲಿ ಏನೂ ತಪ್ಪಿರಲಿಲ್ಲ. ಎರಡನೇ ಗೆರೆಯ ಕೊನೆಯ ಸೆಮಿಕೋಲನ್ ಬಿಟ್ಟುಹೋಗಿತ್ತು. ಹಾಗಂತ ಕಂಪೈಲರ್ ಸುಳ್ಳು ಹೇಳಿತೇ ಎಂದರೆ ಅದೂ ಅಲ್ಲ. ಅದು ಬಿದ್ದದ್ದು ಮೂರನೇ ಗೆರೆಯಲ್ಲೇ. ಎಡವಿದ್ದು ಮಾತ್ರ ಎರಡನೆಯದರಲ್ಲಿ. ಸಿಂಟ್ಯಾಕ್ಸ್ ಎರರ್, ಅಂದರೆ ಭಾಷೆಯ ಬರವಣಿಗೆಯ ನಿಯಮ ತಪ್ಪಿದ ವಿಷಯದಲ್ಲಿ ಕಂಪೈಲರ್ ಬರೆಯುವವರ ತಲೆನೋವೆಲ್ಲ ಈ ಎರಡು ಜಾಗಗಳ ನಡುವಿನ ದೂರದ್ದೇ.

ಯಾಕೆ ಹೀಗಾಗುತ್ತದೆ? ಬರೆದದ್ದು ನಿಯಮಕ್ಕೆ ಸರಿಯಾಗಿದೆಯೇ ಎಂದು ನೋಡುವ ಕಂಪೈಲರಿನ ಭಾಗವೇ ಪಾರ್ಸರ್. ಅದು ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದಿಕ್ಕಿನಲ್ಲಿ ಓದುತ್ತಾ ಹೋಗುತ್ತದೆ. ‘ದರ = 400’ ಎಂಬಲ್ಲಿಗೆ ಬಂದಾಗ ಅದಕ್ಕೆ ದೂರು ಹೇಳಲು ಕಾರಣವೇ ಇಲ್ಲ. ನನ್ನ ಭಾಷೆಯಲ್ಲಿ ಹೊಸ ಸಾಲಿಗೆ ಬೆಲೆ ಇಲ್ಲ. ಮುಂದಿನ ಸಾಲಿನಲ್ಲಿ ‘+ 50;’ ಎಂದಿದ್ದರೆ ಅದು ಪೂರ್ತಿ ಸರಿಯಾದ ಹೇಳಿಕೆಯೇ ಆಗುತ್ತಿತ್ತು. ಇಲ್ಲಿವರೆಗೆ ಓದಿದ್ದಕ್ಕೆ ಏನು ಸೇರಿಸಿದರೂ ಸರಿಯಾದ ಪ್ರೋಗ್ರಾಮ್ ಆಗುವುದಿಲ್ಲ ಎಂದು ಖಚಿತವಾಗುವ ತನಕ ಪಾರ್ಸರ್ ಬಾಯಿ ಬಿಡುವುದಿಲ್ಲ. ಆ ಖಾತ್ರಿ ಸಿಗುವುದು ‘ಮೊತ್ತ’ ಎಂಬ ಶಬ್ದ ಕಂಡಾಗ. 400ರ ಪಕ್ಕದಲ್ಲಿ ಒಂದು ಹೆಸರು ಬರಲು ಯಾವ ನಿಯಮವೂ ಇಲ್ಲ. ಆಗ ಅದು ಕಿರುಚುತ್ತದೆ, ತಾನು ನಿಂತ ಜಾಗದಿಂದಲೇ.

ಬಸ್ಸಿನ ಸೀಟಿನ ಲೆಕ್ಕ

ಎರರನ್ನು ಸರಿಯಾದ ಜಾಗದಲ್ಲಿ ತೋರಿಸಬೇಕಾದರೆ ಜಾಗ ಎಂದರೇನು ಎಂದು ಮೊದಲು ತೀರ್ಮಾನ ಆಗಬೇಕು.

ಪಾರ್ಸರ್ ಅಕ್ಷರಗಳನ್ನು ನೇರವಾಗಿ ಓದುವುದಿಲ್ಲ. ಅದಕ್ಕೂ ಮೊದಲು ಲೆಕ್ಸರ್ ಎಂಬ ಭಾಗ ಅಕ್ಷರಗಳ ಸಾಲನ್ನು ತುಂಡು ಮಾಡಿ ಕೊಡುತ್ತದೆ. ಇದು ಹೆಸರು, ಇದು ಸಂಖ್ಯೆ, ಇದು ಸಮ ಚಿಹ್ನೆ. ಈ ತುಂಡುಗಳೇ ಟೋಕನ್. ಸುಲಿದ ಅಡಿಕೆಯನ್ನು ರಾಶಿ ಹಾಕಿ ಒಳ್ಳೆಯದು ಬೇರೆ, ಪಟೋರ ಬೇರೆ, ಉಳ್ಳಿ ಬೇರೆ ಮಾಡುತ್ತೇವಲ್ಲ, ಆ ಕೆಲಸ ಇದು. ಆದರೆ ಒಂದು ವ್ಯತ್ಯಾಸ ಇದೆ. ಅಡಿಕೆ ಗೋಣಿಗೆ ಬಿದ್ದ ಮೇಲೆ ಯಾವ ಮರದ್ದು ಎಂದು ಯಾರೂ ಕೇಳುವುದಿಲ್ಲ. ಟೋಕನ್ ಮಾತ್ರ ತಾನು ಫೈಲಿನ ಯಾವ ಜಾಗದಿಂದ ಬಂದೆ ಎಂಬುದನ್ನು ಕೊನೆಯವರೆಗೂ ಜೊತೆಗೇ ಇಟ್ಟುಕೊಂಡಿರಬೇಕು. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಆ ಎರಡು ಸಂಖ್ಯೆಗಳೇ ಟೋಕನ್ ರೇಂಜ್.

ನನ್ನ ಮೊದಲ ಲೆಕ್ಸರ್ ಸಾಲು ಸಂಖ್ಯೆಯನ್ನು ಮಾತ್ರ ಇಟ್ಟುಕೊಂಡಿತ್ತು. ಸೋಮಾರಿತನ. ಅದರ ಫಲ ಮೇಲೆ ಓದಿದಿರಿ.

ಸರಿ, ಶುರು ಮತ್ತು ಕೊನೆ. ಎಣಿಸುವುದು ಹೇಗೆ? ಇಲ್ಲಿ ಒಂದು ಪದ್ಧತಿ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದು. ಸೊನ್ನೆಯಿಂದ ಎಣಿಸು, ಶುರುವಿನ ಜಾಗವನ್ನು ಸೇರಿಸು, ಕೊನೆಯ ಜಾಗವನ್ನು ಬಿಡು. ಕೇಳಲು ವಿಚಿತ್ರ. ಆದರೆ ಬಸ್ಸಿನಲ್ಲಿ ನಾವು ದಿನಾ ಮಾಡುವುದೇ ಇದು. ಒಬ್ಬರು ಕುಂಬಳೆಯಿಂದ ಕಾಸರಗೋಡಿಗೆ ಟಿಕೆಟ್ ತೆಗೆದಿದ್ದಾರೆ ಅನ್ನಿ. ಕುಂಬಳೆಯಲ್ಲಿ ಸೀಟು ಅವರದ್ದು, ಮೊಗ್ರಾಲ್‌ನಲ್ಲೂ ಅವರದ್ದು. ಕಾಸರಗೋಡು ಬಂದ ಕೂಡಲೇ ಸೀಟು ಖಾಲಿ. ಅಲ್ಲಿಂದ ಕಾಞಂಗಾಡಿಗೆ ಹೋಗುವವರು ಅದೇ ಸ್ಟಾಪಿನಲ್ಲಿ ಹತ್ತಿ ಅದೇ ಸೀಟಿನಲ್ಲಿ ಕೂರಬಹುದು. ಇಬ್ಬರ ಟಿಕೆಟ್ಟಿನಲ್ಲೂ ಕಾಸರಗೋಡು ಇದೆ, ಆದರೂ ಜಗಳ ಇಲ್ಲ, ನಡುವೆ ಸೀಟು ಖಾಲಿ ಓಡುವುದೂ ಇಲ್ಲ. ಡಚ್ ವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ 1982ರಲ್ಲಿ ಕೈಬರಹದ ಒಂದು ಪುಟ್ಟ ಟಿಪ್ಪಣಿಯಲ್ಲಿ ಸೊನ್ನೆಯಿಂದಲೇ ಯಾಕೆ ಎಣಿಸಬೇಕು, ಕೊನೆಯದನ್ನು ಯಾಕೆ ಬಿಡಬೇಕು ಎಂದು ವಾದಿಸಿದ್ದರು. ಕೊನೆಯಿಂದ ಶುರುವನ್ನು ಕಳೆದರೆ ಉದ್ದ ಸಿಗುತ್ತದೆ. ಒಂದು ಕೂಡಿಸು, ಒಂದು ಕಳೆ ಎಂಬ ರಗಳೆ ಇಲ್ಲ.

ನಮ್ಮ ಪ್ರೋಗ್ರಾಮಿಗೆ ಹಾಕಿ ನೋಡೋಣ. ಸದ್ಯಕ್ಕೆ ಯುನಿಕೋಡ್ ಚಿಹ್ನೆಗಳನ್ನು ಎಣಿಸುತ್ತೇನೆ. ಯುನಿಕೋಡ್ ಎಂದರೆ ಲಿಪಿಗಳ ಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಕೊಡುವ ಪಟ್ಟಿ, ಅದರಲ್ಲಿ ಸ್ವರಚಿಹ್ನೆಯೂ ಖಾಲಿ ಜಾಗವೂ ಬೇರೆ ಬೇರೆ ಚಿಹ್ನೆ. ಈ ‘ಸದ್ಯಕ್ಕೆ’ ಎಂಬ ಮಾತು ನೆನಪಿರಲಿ, ಮುಂದೆ ಕಾಡುತ್ತದೆ. ಮೊದಲ ಸಾಲಿನ ‘ಅಡಿಕೆ’ 0ಯಿಂದ 5. ಎರಡನೇ ಸಾಲಿನ ‘ದರ’ 12ರಿಂದ 14. ‘400’ 17ರಿಂದ 20. ಮೂರನೇ ಸಾಲಿನ ‘ಮೊತ್ತ’ 21ರಿಂದ 26. 20ನೇ ಜಾಗದಲ್ಲಿ ಇರುವುದು ಸಾಲು ಮುರಿಯುವ ಚಿಹ್ನೆ.

ಸೆಮಿಕೋಲನ್ ಇರಬೇಕಾದ್ದು ಎಲ್ಲಿ? 400 ಮುಗಿದಲ್ಲಿ. ಅಂದರೆ 20ರಿಂದ 20. ಕಾಸರಗೋಡಿನಿಂದ ಕಾಸರಗೋಡಿಗೇ ಟಿಕೆಟ್ ತೆಗೆದ ಹಾಗೆ! ಯಾರೂ ಪ್ರಯಾಣ ಮಾಡುವುದಿಲ್ಲ, ಆದರೆ ಸ್ಟಾಪ್ ಯಾವುದೆಂದು ಗೊತ್ತಾಗುತ್ತದೆ. ಇಲ್ಲದ ವಸ್ತುವಿಗೂ ಒಂದು ಜಾಗ ಕೊಡಲು ಬರುವುದು ಈ ಎಣಿಕೆಯ ದೊಡ್ಡ ಗುಣ.

ಹಾಗಾಗಿ ತಿದ್ದುಪಡಿ ಸುಲಭವಾಯಿತು. ‘ಏನೋ ಬರಬೇಕಿತ್ತು, ಬರಲಿಲ್ಲ’ ಎಂಬ ಜಾತಿಯ ಎರರ್ ಆದರೆ, ಈಗ ಕಂಡ ಟೋಕನ್‌ನ ಶುರುವನ್ನು ತೋರಿಸಬೇಡ, ಹಿಂದಿನ ಟೋಕನ್‌ನ ಕೊನೆಯನ್ನು ತೋರಿಸು. ಸಿ ಭಾಷೆಯ ಕ್ಲ್ಯಾಂಗ್ ಕಂಪೈಲರಿನಲ್ಲಿ ಸೆಮಿಕೋಲನ್ ಬಿಟ್ಟು ನೋಡಿ. ಹಿಂದಿನ ಸಾಲಿನ ತುದಿಗೇ ಬಾಣ ಇಟ್ಟು, ಇಲ್ಲಿ ಇದನ್ನು ಹಾಕಿ ಎಂದು ಸೆಮಿಕೋಲನ್ನನ್ನೇ ಬರೆದು ತೋರಿಸುತ್ತದೆ. ಪಾರ್ಸರಿನಲ್ಲಿ ‘ಹಿಂದಿನ ಟೋಕನ್ ಎಲ್ಲಿ ಮುಗಿಯಿತು’ ಎಂದು ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ನನಗೆ ಬೇಕಾದದ್ದು ನಾಲ್ಕು ಸಾಲು ಕೋಡ್.

‘ಬರಬಾರದ್ದು ಬಂತು’ ಎಂಬ ಜಾತಿಯ ಎರರ್ ಬೇರೆ. ಅಲ್ಲಿ ಬಂದ ಟೋಕನ್‌ನ ಅಡಿಗೇ ಗೆರೆ ಎಳೆಯಬೇಕು, ಅದರ ಪೂರ್ತಿ ಉದ್ದಕ್ಕೆ. ಈ ಎರಡನ್ನು ಬೇರೆ ಮಾಡದ ಕಂಪೈಲರ್‌ಗಳು ಇನ್ನೂ ಇವೆ, ಸಿಟ್ಟು ಬರುತ್ತದೆ.

ಟೋಕನ್‌ಗಳು ಸೇರಿ ದೊಡ್ಡ ತುಂಡಾದಾಗಲೂ ರೇಂಜ್ ಬೇಕು. ‘ಅಡಿಕೆ * ದರ’ ಎಂಬ ಲೆಕ್ಕದ ರೇಂಜ್ ಮೊದಲ ಟೋಕನ್‌ನ ಶುರುವಿನಿಂದ ಕೊನೆಯ ಟೋಕನ್‌ನ ಕೊನೆಗೆ, ಅಂದರೆ 29ರಿಂದ 39. ಸುಲಭ ಅನಿಸುತ್ತದೆ. ಆವರಣ ಬಂದಾಗ ಎಡವುತ್ತೇವೆ. ‘(ಅ + ಆ) * 2’ ಎಂಬಲ್ಲಿ ಕೂಡಿಸುವ ಲೆಕ್ಕವನ್ನು ಮರದಲ್ಲಿ (ದೊಡ್ಡ ತುಂಡಿನ ಕೆಳಗೆ ಅದರ ಚಿಕ್ಕ ತುಂಡುಗಳು ಮಕ್ಕಳ ಹಾಗೆ ನಿಲ್ಲುವಂತೆ ಪಾರ್ಸರ್ ಕಟ್ಟುವ ರಚನೆ ಇದು) ಇಡುವಾಗ ಆವರಣವನ್ನು ಬಿಸಾಡುವುದು ರೂಢಿ, ಅರ್ಥಕ್ಕೆ ಅದು ಬೇಡ. ಆಮೇಲೆ ಗುಣಾಕಾರದ ರೇಂಜನ್ನು ‘ನನ್ನ ಎಡಗಡೆಯ ಮಗು ಎಲ್ಲಿ ಶುರು’ ಎಂದು ಕೇಳಿ ತೆಗೆದರೆ ಅದು ‘ಅ’ದಿಂದ ಶುರುವಾಗುತ್ತದೆ. ತೆರೆದ ಆವರಣ ಹೊರಗೆ ಉಳಿಯುತ್ತದೆ! ಹಾಗಾಗಿ ಓದಲು ಶುರು ಮಾಡುವ ಮೊದಲೇ ಜಾಗವನ್ನು ಗುರುತು ಹಾಕಿಕೊಂಡು, ಮುಗಿದ ಮೇಲೆ ಕೊನೆಯನ್ನು ಸೇರಿಸುವುದು ಒಳ್ಳೆಯದು.

ಸಾಲು ಸಂಖ್ಯೆ, ಕಾಲಂ ಸಂಖ್ಯೆ ಇವನ್ನು ಟೋಕನ್‌ನಲ್ಲಿ ಇಡಲೇಬೇಕಾಗಿಲ್ಲ. ಪ್ರತಿ ಸಾಲು ಯಾವ ಜಾಗದಲ್ಲಿ ಶುರುವಾಗುತ್ತದೆ ಎಂದು ಒಂದು ಪಟ್ಟಿ ಮಾಡಿಟ್ಟರೆ, ಬೇಕಾದಾಗ ಡಿಕ್ಷನರಿಯನ್ನು ನಡುವಿಗೆ ತೆರೆದು ಶಬ್ದ ಹುಡುಕುವ ಹಾಗೆ ಹುಡುಕಿ ಸಾಲು ಹೇಳಬಹುದು.

ಭಾಗವತರು ಪದ್ಯ ಎತ್ತಿದ ಹಾಗೆ

ಒಂದು ತಪ್ಪು ಸಿಕ್ಕಿತು, ತೋರಿಸಿದ್ದೂ ಆಯಿತು. ಮುಂದೇನು? ಅಲ್ಲೇ ನಿಲ್ಲಿಸುವುದಾ, ಓದು ಮುಂದುವರಿಸುವುದಾ?

ಪಂಚ್ ಕಾರ್ಡ್ ಕಾಲದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಕಾರ್ಡಿನ ಕಟ್ಟು ಕೌಂಟರಿನಲ್ಲಿ ಕೊಟ್ಟು ಬಂದರೆ ಉತ್ತರ ಸಿಗಲು ಗಂಟೆಗಟ್ಟಲೆ ಕಾಯಬೇಕು. ಒಂದೇ ತಪ್ಪು ಹೇಳಿ ವಾಪಸ್ ಕಳಿಸಿದರೆ ಪ್ರೋಗ್ರಾಮ್ ಮುಗಿಯುವುದು ಯಾವಾಗ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಪಿಎಲ್/ಸಿ ಎಂಬ ಕಂಪೈಲರ್ ಮಾಡಿದರು, ಕಲಿಯುವ ಮಕ್ಕಳಿಗಾಗಿ. ಅದು ತಪ್ಪನ್ನು ತಾನೇ ತಿದ್ದಿ, ಹೀಗೆ ತಿದ್ದಿದ್ದೇನೆ ಎಂದು ಬರೆದು, ಪ್ರೋಗ್ರಾಮನ್ನು ಓಡಿಸಿಯೇ ಕೊಡುತ್ತಿತ್ತು. ತಿದ್ದಿದ್ದು ಸರಿಯೇ ಆಗಬೇಕೆಂದಿಲ್ಲ. ಆದರೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. 1983ರಲ್ಲಿ ಬಂದ ಟರ್ಬೊ ಪ್ಯಾಸ್ಕಲ್ ಪೂರ್ತಿ ಉಲ್ಟಾ. ಮೊದಲ ತಪ್ಪು ಸಿಕ್ಕಿದ ಕೂಡಲೇ ನಿಲ್ಲುತ್ತಿತ್ತು, ಎಡಿಟರ್ ತೆರೆದು ಅದೇ ಜಾಗದಲ್ಲಿ ಕರ್ಸರ್ ಇಡುತ್ತಿತ್ತು. ಕಂಪೈಲ್ ಮಾಡುವುದು ಅಷ್ಟು ಬೇಗ ಮುಗಿಯುತ್ತಿದ್ದ ಕಾರಣ ಅದೇ ಹಿತವಾಗಿತ್ತು.

ಟರ್ಮಿನಲ್ಲಿನಲ್ಲಿ ಕಲಿಯುವ ಮಗುವಿಗೆ ಇವತ್ತಿಗೂ ಟರ್ಬೊ ಪ್ಯಾಸ್ಕಲ್ ದಾರಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದೇ ಎರರ್, ಸರಿಯಾಗಿ ಹೇಳಿದ್ದು. ಆದರೆ ಈಗ ಹೆಚ್ಚಿನವರು ಕೋಡ್ ಬರೆಯುವುದು ಬರೆಯುತ್ತಿರುವಾಗಲೇ ಕೆಂಪು ಗೆರೆ ಎಳೆಯುವ ಎಡಿಟರಿನಲ್ಲಿ. ಅಲ್ಲಿ ಪ್ರೋಗ್ರಾಮ್ ಹೆಚ್ಚಿನ ಹೊತ್ತು ಅರ್ಧಂಬರ್ಧವೇ. ಮೇಲಿನ ಸಾಲು ಅರ್ಧ ಬರೆದಾಗ ಕೆಳಗಿನ ನೂರು ಸಾಲಿನ ಬಣ್ಣ, ಸಲಹೆ ಎಲ್ಲ ಮಾಯವಾದರೆ ಯಾರಿಗೆ ಬೇಕು? ಹಾಗಾಗಿ ಬಿದ್ದ ಪಾರ್ಸರ್ ಎದ್ದು ನಡೆಯಲೇಬೇಕು.

ಹೇಗೆ ಏಳುತ್ತದೆ ಎಂದು ತಿಳಿಯಲು ತಾಳಮದ್ದಳೆಗೆ ಬನ್ನಿ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ, ಮುಗಿದ ಮೇಲೆ ಮುಂದಿನ ಪದ್ಯ. ಒಮ್ಮೊಮ್ಮೆ ಅರ್ಥಧಾರಿ ದಾರಿ ತಪ್ಪುತ್ತಾನೆ. ಪ್ರಸಂಗ ಬಿಟ್ಟು ಎಲ್ಲೆಲ್ಲೋ ಹೋಗುತ್ತಾನೆ, ಇಲ್ಲವೇ ಮಾತು ಸಿಗದೆ ತಡವರಿಸುತ್ತಾನೆ. ಭಾಗವತರು ಆಗ ಏನು ಮಾಡುತ್ತಾರೆ? ಅವನು ಎಲ್ಲಿ ತಪ್ಪಿದ ಎಂದು ವಿಚಾರಣೆ ಮಾಡುವುದಿಲ್ಲ. ಮುಂದಿನ ಪದ್ಯ ಎತ್ತುತ್ತಾರೆ. ಮದ್ದಳೆಗೆ ಪೆಟ್ಟು ಬೀಳುತ್ತದೆ, ಎಲ್ಲರಿಗೂ ತಾವು ಎಲ್ಲಿದ್ದೇವೆ ಎಂದು ಗೊತ್ತಾಗುತ್ತದೆ, ಕಥೆ ಮುಂದಕ್ಕೆ ಹೋಗುತ್ತದೆ.

ಪಾರ್ಸರ್ ಲೋಕದಲ್ಲಿ ಇದಕ್ಕೆ ಪ್ಯಾನಿಕ್ ಮೋಡ್ ಎಂದು ಹೆಸರು. ಹೆಸರು ಕೇಳಿದರೆ ಗಾಬರಿ, ಕೆಲಸ ಮಾತ್ರ ಶಾಂತವಾದದ್ದು. ತಪ್ಪು ಕಂಡರೆ ಗುರುತಿನ ಟೋಕನ್ ಸಿಗುವ ತನಕ ಉಳಿದದ್ದನ್ನು ದಾಟಿಸು. ಸೆಮಿಕೋಲನ್, ಮುಚ್ಚುವ ಕರ್ಲಿ ಬ್ರಾಕೆಟ್, ಹೊಸ ಹೇಳಿಕೆಯನ್ನು ಶುರು ಮಾಡುವ ಶಬ್ದ ಇವೆಲ್ಲ ನಮ್ಮ ‘ಮುಂದಿನ ಪದ್ಯ’. ಇದನ್ನು ನೋಡಿ:

ದರ = 400 * ;
ಚೀಲ = 7;
ತೂಕ = ಚೀಲ 65;

ಮೊದಲ ಸಾಲಿನಲ್ಲಿ ಗುಣಾಕಾರದ ಬಲಗಡೆ ಏನೂ ಇಲ್ಲ. ಎರರ್ ಹೇಳಿ, ಸೆಮಿಕೋಲನ್ ತನಕ ದಾಟಿ, ಅಲ್ಲಿಂದ ಹೊಸದಾಗಿ ಶುರು. ಎರಡನೇ ಸಾಲು ಸರಿ. ಮೂರನೆಯದರಲ್ಲಿ ‘ಚೀಲ’ ಆದ ಮೇಲೆ 65 ಬರುವ ಹಾಗಿಲ್ಲ. ಎರಡು ನಿಜವಾದ ತಪ್ಪು, ಎರಡು ಎರರ್.

ಇಲ್ಲಿ ಒಂದು ಗುಂಡಿ ಇದೆ, ಮೊದಲ ಸಲ ಪಾರ್ಸರ್ ಬರೆಯುವವರು ಬೀಳುವ ಗುಂಡಿ. ನಾನೂ ಬಿದ್ದೆ. ತಪ್ಪು ಟೋಕನ್ ಕಂಡಿತು, ಎರರ್ ಹೇಳಿದೆ, ಗುರುತಿನ ಟೋಕನ್ ಹುಡುಕಿದೆ. ನಿಂತ ಟೋಕನ್ನೇ ಗುರುತಿನದ್ದು! ಹಾಗಾಗಿ ಒಂದನ್ನೂ ದಾಟದೆ ವಾಪಸ್ ಬಂದೆ. ಮೇಲಿನ ಲೂಪ್ ಅದೇ ಟೋಕನ್ನನ್ನು ಮತ್ತೆ ಕೊಟ್ಟಿತು. ಮತ್ತೆ ಎರರ್, ಮತ್ತೆ ಹುಡುಕಾಟ. ಲ್ಯಾಪ್‌ಟಾಪಿನ ಫ್ಯಾನ್ ಮಿಕ್ಸಿಯ ಹಾಗೆ ಕೂಗತೊಡಗಿದಾಗ ಎಚ್ಚರವಾಯಿತು. ನಿಯಮ ಇಷ್ಟೇ: ಲೂಪಿನ ಪ್ರತಿ ಸುತ್ತಿನಲ್ಲೂ ಕನಿಷ್ಠ ಒಂದು ಟೋಕನ್ ಆದರೂ ಮುಂದೆ ಹೋಗಿರಬೇಕು. ಹೋಗಿಲ್ಲವಾದರೆ ಕೈಹಿಡಿದು ದಾಟಿಸಿ.

ಇನ್ನೊಂದು ತೊಂದರೆ ದಾಟಿಸುವುದರಲ್ಲೇ ಇದೆ. ಅಣ್ಣನ ಮಗಳ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಸೆಮಿಕೋಲನ್ ಬಿಟ್ಟುಹೋದಲ್ಲಿ ನಾನು ಮುಂದಿನ ಸೆಮಿಕೋಲನ್ ತನಕ ದಾಟಿದರೆ ‘ಮೊತ್ತ = ಅಡಿಕೆ * ದರ’ ಪೂರ್ತಿ ನುಂಗಿಹೋಗುತ್ತದೆ. ಕೆಳಗೆ ಎಲ್ಲೋ ‘ಬರೆ ಮೊತ್ತ;’ ಎಂದಿದ್ದರೆ, ಮೊತ್ತ ಯಾರೆಂದು ಗೊತ್ತಿಲ್ಲ ಎಂಬ ಎರಡನೇ ಎರರ್. ಅವಳು ಅದನ್ನು ಕಣ್ಣೆದುರೇ ಬರೆದಿದ್ದಾಳೆ, ಕಂಪೈಲರ್ ಇಲ್ಲ ಅನ್ನುತ್ತಿದೆ. ಒಂದು ತಪ್ಪಿಗೆ ಹತ್ತು ಎರರ್ ಬರುವುದು ಹೀಗೆಯೇ.

ಇದಕ್ಕೆ ಹಳೆಯ ಒಂದು ಉಪಾಯ ಇದೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಮಾಡಿದ ಯಾಕ್ ಎಂಬ ಸಾಧನ ವ್ಯಾಕರಣ ಕೊಟ್ಟರೆ ಪಾರ್ಸರನ್ನು ತಾನೇ ಬರೆದುಕೊಡುತ್ತದೆ. ಅದು ಒಂದು ಎರರ್ ಹೇಳಿದ ಮೇಲೆ, ಸತತವಾಗಿ ಮೂರು ಟೋಕನ್ ಸರಿಯಾಗಿ ದಾಟುವ ತನಕ ಮತ್ತೆ ಬಾಯಿ ತೆರೆಯುವುದಿಲ್ಲ. ಬಿದ್ದವನು ಎದ್ದು ಮೂರು ಹೆಜ್ಜೆ ನೆಟ್ಟಗೆ ನಡೆದರೆ ಮಾತ್ರ ಅವನ ಮಾತಿಗೆ ಬೆಲೆ. ಅದರ ತಮ್ಮ ಬೈಸನ್‌ನಲ್ಲೂ ಇದೇ ನಿಯಮ. ಗೋ ಭಾಷೆಯ ಕಂಪೈಲರ್ ಹತ್ತು ಎರರ್ ಆದ ಮೇಲೆ, ಇನ್ನು ಸಾಕು ಎಂದು ಕೈ ಎತ್ತುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ದಾಟಿಸುವ ಬದಲು ‘ಇತ್ತು’ ಎಂದುಕೊಳ್ಳುವುದು. ಸೆಮಿಕೋಲನ್ ಬೇಕು, ಇಲ್ಲ. ಆದರೆ ಮುಂದಿರುವ ‘ಮೊತ್ತ’ ಹೊಸ ಹೇಳಿಕೆ ಶುರು ಮಾಡಬಲ್ಲ ಟೋಕನ್, ಅದೂ ಹೊಸ ಸಾಲಿನಲ್ಲಿ ಇದೆ. ಹಾಗಾದರೆ 20ರಿಂದ 20ರಲ್ಲಿ ಸೊನ್ನೆ ಉದ್ದದ ಒಂದು ಸೆಮಿಕೋಲನ್ ಇತ್ತು ಅಂದುಕೊಂಡು ಮುಂದೆ ಹೋಗು. ‘ಚೀಲ 65’ ಎಂಬಲ್ಲಿ ಹಾಗಲ್ಲ. 65 ಯಾವ ಹೇಳಿಕೆಯನ್ನೂ ಶುರು ಮಾಡುವುದಿಲ್ಲ, ಅಲ್ಲಿ ದಾಟುವುದೇ ಸರಿ. ಯಾವಾಗ ಸೇರಿಸುವುದು, ಯಾವಾಗ ಬಿಡುವುದು ಎಂಬ ತೀರ್ಮಾನದಲ್ಲೇ ಪಾರ್ಸರ್ ಬರೆಯುವವರ ಕೈಗುಣ ಕಾಣುವುದು. ಕೈಯಾರೆ ಬರೆದ ಪಾರ್ಸರಿನಲ್ಲಿ ಈ ಹಿಡಿತ ಜಾಸ್ತಿ. ಜಿಸಿಸಿ ಕಂಪೈಲರಿನವರು ಬೈಸನ್ ಬಿಟ್ಟು 2004ರಲ್ಲಿ ಸಿ ಪ್ಲಸ್ ಪ್ಲಸ್ ಪಾರ್ಸರನ್ನು, 2006ರಲ್ಲಿ ಸಿ ಪಾರ್ಸರನ್ನು ಕೈಯಾರೆ ಬರೆದು ತಂದರು.

ಒಂದು ಎಚ್ಚರ. ಸೇರಿಸಿದ ಸೆಮಿಕೋಲನ್ ಓದು ಮುಂದುವರಿಸಲು ಮಾತ್ರ. ಅದನ್ನು ನಂಬಿ ಪ್ರೋಗ್ರಾಮನ್ನು ಓಡಿಸಬಾರದು. ಪಿಎಲ್/ಸಿ ಓಡಿಸುತ್ತಿತ್ತು ನಿಜ, ಆದರೆ ಅದು ಬೇರೆ ಕಾಲದ ಕರುಣೆ.

ಕರಿಗೋಟಿಗೂ ಒಂದು ಗೋಣಿ

ದಾಟಿಸಿದ ಟೋಕನ್‌ಗಳು ಎಲ್ಲಿ ಹೋಗುತ್ತವೆ? ಹಳೆಯ ಪಾರ್ಸರ್‌ಗಳಲ್ಲಿ ಕಸಕ್ಕೆ. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಕಂಪೈಲರ್ ರೋಸ್ಲಿನ್ ಬೇರೆ ದಾರಿ ಹಿಡಿಯಿತು. ಅದರ ಮರದಲ್ಲಿ ಫೈಲಿನ ಒಂದೇ ಒಂದು ಅಕ್ಷರವೂ ಕಳೆದುಹೋಗುವುದಿಲ್ಲ. ಖಾಲಿ ಜಾಗ, ಕಾಮೆಂಟ್, ದಾಟಿಸಿದ ಟೋಕನ್ ಎಲ್ಲವೂ ಮರದಲ್ಲಿ ಎಲ್ಲೋ ಒಂದು ಕಡೆ ತೂಗಿಕೊಂಡಿರುತ್ತವೆ. ಇಲ್ಲದ ಟೋಕನ್‌ಗೆ ಸೊನ್ನೆ ಉದ್ದ ಕೊಟ್ಟು ‘ಇದು ಕಾಣೆಯಾಗಿದೆ’ ಎಂದು ಗುರುತು ಹಾಕುತ್ತದೆ. ಎಡಿಟರ್‌ಗಳಲ್ಲಿ ಬಳಸುವ ಟ್ರೀ-ಸಿಟ್ಟರ್ ಎಂಬ ಪಾರ್ಸರ್ ಸಾಧನದ ಮರದಲ್ಲೂ ತಪ್ಪು ತುಂಡಿಗೆ ಒಂದು ಎರರ್ ಗಂಟು, ಇಲ್ಲದ್ದಕ್ಕೆ ಕಾಣೆಯಾದ ಗಂಟು. ಅಡಿಕೆ ವ್ಯಾಪಾರದಲ್ಲಿ ಕರಿಗೋಟು ಅಂತ ಬಿಸಾಡುತ್ತೇವಾ? ಇಲ್ಲ. ಅದಕ್ಕೂ ಒಂದು ಗೋಣಿ, ಅದಕ್ಕೂ ಒಂದು ರೇಟು.

ಲಾಭ ಏನೆಂದರೆ, ಎಲ್ಲ ರೇಂಜ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಪೂರ್ತಿ ಫೈಲ್ ಮತ್ತೆ ಸಿಗಬೇಕು. ನನ್ನ ಪಾರ್ಸರಿಗೆ ಇದನ್ನೇ ಪರೀಕ್ಷೆಯಾಗಿ ಇಟ್ಟೆ. ಎಷ್ಟೇ ಕೆಟ್ಟ ಪ್ರೋಗ್ರಾಮ್ ಕೊಡಿ, ಮರದಿಂದ ವಾಪಸ್ ಬರೆದರೆ ಅಕ್ಷರಕ್ಕೆ ಅಕ್ಷರ ಅದೇ ಬರಬೇಕು. ಈ ಒಂದು ಪರೀಕ್ಷೆ ನನಗೆ ಹಿಡಿದುಕೊಟ್ಟಷ್ಟು ತಪ್ಪನ್ನು ಉಳಿದವೆಲ್ಲ ಸೇರಿ ಹಿಡಿದುಕೊಡಲಿಲ್ಲ.

ಮುಚ್ಚದ ಆವರಣದ ವಿಷಯಕ್ಕೆ ಎರಡು ರೇಂಜ್ ಬೇಕು. ಹತ್ತನೇ ಸಾಲಿನಲ್ಲಿ ತೆರೆದ ಕರ್ಲಿ ಬ್ರಾಕೆಟ್ ಮುಚ್ಚಲಿಲ್ಲ ಅನ್ನಿ. ಪಾರ್ಸರ್ ಬೀಳುವುದು ಫೈಲಿನ ಕೊನೆಯಲ್ಲಿ. ಇನ್ನೂರನೇ ಸಾಲನ್ನು ತೋರಿಸಿ ಇಲ್ಲಿ ಏನೋ ಬೇಕಿತ್ತು ಎಂದರೆ ಯಾರಿಗೆ ಅರ್ಥವಾಗಬೇಕು? ತೆರೆದ ಆವರಣಗಳ ರೇಂಜನ್ನು ಒಂದರ ಮೇಲೊಂದು ಪೇರಿಸಿ ಇಟ್ಟುಕೊಂಡಿದ್ದರೆ ತೆರೆದದ್ದನ್ನೇ ತೋರಿಸಬಹುದು. ಪೈಥಾನ್ ಭಾಷೆ 2021ರಲ್ಲಿ ಬಂದ 3.10ನೇ ಆವೃತ್ತಿಯಿಂದ ಹೀಗೆ ಮಾಡುತ್ತದೆ. ಆವರಣ ತೆರೆದ ಜಾಗಕ್ಕೇ ಬೆರಳಿಟ್ಟು, ಇದನ್ನು ಮುಚ್ಚಲೇ ಇಲ್ಲ ಎಂದು ಹೇಳುತ್ತದೆ. ಮುಚ್ಚದ ಉದ್ಧರಣ ಚಿಹ್ನೆಗೆ ಮದ್ದು ಇನ್ನೂ ಸುಲಭ. ಸಾಲು ಮುಗಿದಲ್ಲಿಗೆ ಸ್ಟ್ರಿಂಗ್, ಅಂದರೆ ಉದ್ಧರಣ ಚಿಹ್ನೆಯ ಒಳಗಿನ ಬರಹ, ಮುಗಿಯಿತು ಎಂದುಕೊಳ್ಳಿ. ಇಲ್ಲದಿದ್ದರೆ ಉಳಿದ ಪ್ರೋಗ್ರಾಮ್ ಎಲ್ಲ ಸ್ಟ್ರಿಂಗಿನ ಹೊಟ್ಟೆಗೆ.

ಒಂದೇ ಅಕ್ಷರ, ನಾಲ್ಕು ಲೆಕ್ಕ

ಈಗ ಆ ‘ಸದ್ಯಕ್ಕೆ’ಯ ಸಾಲ ತೀರಿಸಬೇಕು.

‘ಮೊತ್ತ’ ಎಷ್ಟು ಅಕ್ಷರ? ಎರಡನೇ ಕ್ಲಾಸಿನ ಮಗುವೂ ಹೇಳುತ್ತದೆ, ಎರಡು: ಮೊ, ತ್ತ. ಯುನಿಕೋಡ್ ಪ್ರಕಾರ ಐದು ಚಿಹ್ನೆ: ಮ, ಒತ್ವ, ತ, ವಿರಾಮ, ತ. ಚಿಹ್ನೆಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಎಂಬ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಹಾಗಾಗಿ ಹದಿನೈದು ಬೈಟ್. ಯುಟಿಎಫ್-16 ಎಂಬ ಇನ್ನೊಂದು ರೂಪದಲ್ಲಿ ಎರಡೆರಡು ಬೈಟಿನ ಐದು ಘಟಕ. ನಮ್ಮಲ್ಲಿ ಒಂದೇ ಊರನ್ನು ಕನ್ನಡದವರು ಕುಂಬಳೆ ಅಂದರೆ ಮಲಯಾಳದ ಬೋರ್ಡಿನಲ್ಲಿ ಇನ್ನೊಂದು ರೂಪ ಇರುತ್ತದೆ. ಊರು ಅದೇ, ಇಳಿಯುವವರು ಗೊಂದಲಪಡದಿದ್ದರೆ ಸಾಕು. ಇಲ್ಲಿಯೂ ಯಾವ ಲೆಕ್ಕವಾದರೂ ಆಗಬಹುದು, ಜಾಗ ಹೇಳುವವರು, ಕೇಳುವವರು ಇಬ್ಬರೂ ಒಂದನ್ನೇ ಮಾತಾಡಬೇಕು ಅಷ್ಟೇ.

ಮೊದಲ ಪೆಟ್ಟು ಬಿದ್ದದ್ದು ಲೆಕ್ಸರಿಗೆ. ‘ಇದು ಅಕ್ಷರವೇ’ ಎಂದು ಪೈಥಾನ್ ಕೊಡುವ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದೆ. ‘ಮ’ ಅಕ್ಷರ ಎಂದಿತು. ಒತ್ವ ಬಂದಾಗ ಅಲ್ಲ ಎಂದಿತು. ಯುನಿಕೋಡಿನಲ್ಲಿ ಸ್ವರಚಿಹ್ನೆ, ವಿರಾಮ ಇವು ಅಕ್ಷರದ ವರ್ಗದಲ್ಲಿ ಇಲ್ಲ, ಗುರುತುಗಳ ವರ್ಗದಲ್ಲಿವೆ. ಹಾಗಾಗಿ ‘ಮೊತ್ತ’ ಮೊದಲ ಹೆಜ್ಜೆಗೇ ತುಂಡಾಯಿತು. ಹೆಸರು ಯಾವುದರಿಂದ ಶುರುವಾಗಬಹುದು, ಯಾವುದರಿಂದ ಮುಂದುವರಿಯಬಹುದು ಎಂದು ಯುನಿಕೋಡ್‌ನವರು ಬೇರೆಯೇ ಎರಡು ಪಟ್ಟಿ ಕೊಟ್ಟಿದ್ದಾರೆ. ಪೈಥಾನ್ ತನ್ನ ಹೆಸರುಗಳಿಗೆ ಆ ಜಾತಿಯ ಪಟ್ಟಿಯನ್ನೇ ಬಳಸುತ್ತದೆ, ಅಲ್ಲಿ ಕನ್ನಡ ಹೆಸರು ಸಲೀಸಾಗಿ ನಡೆಯುತ್ತದೆ. ನಾನೂ ಅದಕ್ಕೇ ಹೋದೆ.

ಎರಡನೇ ಪೆಟ್ಟು ಎಡಿಟರ್‌ನಿಂದ. ಕಂಪೈಲರ್ ಮತ್ತು ಎಡಿಟರ್ ಮಾತಾಡಿಕೊಳ್ಳಲು ಮೈಕ್ರೋಸಾಫ್ಟ್ 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದ ತಂದಿತು. ಅದರಲ್ಲಿ ರೇಂಜ್ ನಮ್ಮ ಬಸ್ ಟಿಕೆಟ್ಟಿನ ಪದ್ಧತಿಯೇ. ಆದರೆ ಎಣಿಸುವುದು ಯುಟಿಎಫ್-16 ಘಟಕದಲ್ಲಿ. ಬೇರೆ ಲೆಕ್ಕಕ್ಕೆ ಇಬ್ಬರೂ ಒಪ್ಪಿಕೊಳ್ಳುವ ಅವಕಾಶ 2022ರ 3.17ನೇ ಆವೃತ್ತಿಯಲ್ಲಿ ಬಂತು. ನಾನು ಬೈಟ್ ಲೆಕ್ಕ ಕಳಿಸಿದೆ. ಮೂರನೇ ಸಾಲಿನ ಗುಣಾಕಾರ ಚಿಹ್ನೆ ನಿಜವಾಗಿ ಇರುವುದು 14ನೇ ಜಾಗದಲ್ಲಿ. ನಾನು ಕಳಿಸಿದ್ದು 34. ಆ ಸಾಲೇ ಇರುವುದು 19 ಉದ್ದ. ಸಾಲು ಮೀರಿದ ಸಂಖ್ಯೆ ಬಂದರೆ ಸಾಲಿನ ಕೊನೆ ಎಂದು ತಿಳಿಯಬೇಕು ಎಂಬುದು ಒಪ್ಪಂದ. ಹಾಗಾಗಿ ಕೆಂಪು ಗೆರೆ ಸಾಲಿನ ತುದಿಗೆ ಹೋಗಿ ಅಂಟಿಕೊಂಡಿತು.

ಬರೇ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಬಗ್ ಕಾಣುವುದೇ ಇಲ್ಲ. ಅವರಿಗೆ ಒಂದು ಅಕ್ಷರ, ಒಂದು ಬೈಟ್, ಒಂದು ಘಟಕ ಎಲ್ಲ ಒಂದೇ. ಕಂಪೈಲರ್ ಪರೀಕ್ಷಿಸುವವರು ಒಂದು ಸಾಲು ಕನ್ನಡ ಹಾಕಿ ನೋಡಿದರೆ ಎಷ್ಟೋ ಹುಳುಕು ಹೊರಗೆ ಬಂದೀತು.

ಟರ್ಮಿನಲ್ಲಿನಲ್ಲಿ ಬಾಣದ ಗುರುತು ಇಡುವ ಆಸೆಯನ್ನು ನಾನು ಬಿಟ್ಟೆ. ತಪ್ಪಿನ ಕೆಳಗಿನ ಸಾಲಿನಲ್ಲಿ ಇಷ್ಟು ಖಾಲಿ ಜಾಗ ಬಿಟ್ಟು ಬಾಣ ಇಡಬೇಕು ಎಂದರೆ ಒಂದೊಂದು ಅಕ್ಷರ ಪರದೆಯಲ್ಲಿ ಎಷ್ಟು ಅಗಲ ಎಂದು ಗೊತ್ತಿರಬೇಕು. ಕನ್ನಡದ ಒತ್ತಕ್ಷರಗಳನ್ನು ಒಂದೊಂದು ಟರ್ಮಿನಲ್ ಒಂದೊಂದು ಥರ ಬಿಡಿಸುತ್ತದೆ. ‘ಸಾಫ್ಟ್‌ವೇರ್’ ಎಂಬ ಶಬ್ದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಕೂತಿರುತ್ತದೆ. ಎಣಿಸಿ ಗೆಲ್ಲುವ ಆಟ ಅಲ್ಲ ಇದು. ಈಗ ನನ್ನ ಕಂಪೈಲರ್ ರೇಂಜಿನ ಒಳಗಿನ ಅಕ್ಷರಗಳಿಗೇ ಕೆಂಪು ಬಣ್ಣ ಹಚ್ಚಿ ಬರೆಯುತ್ತದೆ. ಸೊನ್ನೆ ಉದ್ದದ ಎರರ್ ಆದರೆ ಹಿಂದಿನ ಟೋಕನ್ನನ್ನೇ ಹೆಸರಿಸುತ್ತದೆ: “ಸಾಲು 2: ‘400’ ಆದ ಮೇಲೆ ಸೆಮಿಕೋಲನ್ ಬೇಕಿತ್ತು.”

ಈ ಎರರ್ ಬಂದಾಗ ಅಣ್ಣನ ಮಗಳು ನನ್ನನ್ನು ಕರೆಯಲಿಲ್ಲ. ತಾನೇ ತಿದ್ದಿದಳು, 4800 ಬಂತು.

ಆಮೇಲೆ ಎಡಿಟರಿನಲ್ಲಿ ಬರೆಯಲು ಶುರು ಮಾಡಿದಳು. ಹೋದ ವಾರ ಸ್ಟ್ರಿಂಗಿನೊಳಗೆ ಒಂದು ನಗುವ ಎಮೋಜಿ ಹಾಕಿದ್ದಾಳೆ. ಅದೇ ಸಾಲಿನಲ್ಲಿ ಮುಂದೆ ಇದ್ದ ತಪ್ಪಿನ ಕೆಂಪು ಗೆರೆ ಒಂದು ಜಾಗ ಹಿಂದಕ್ಕೆ ಸರಿಯಿತು. ಬೈಟ್ ಲೆಕ್ಕ ಬಿಟ್ಟ ಮೇಲೆ ನಾನು ಚಿಹ್ನೆಗಳನ್ನು ಎಣಿಸಿ ಕಳಿಸುತ್ತಿದ್ದೆ. ಕನ್ನಡಕ್ಕೆ ಚಿಹ್ನೆಯ ಲೆಕ್ಕವೂ ಯುಟಿಎಫ್-16 ಲೆಕ್ಕವೂ ಒಂದೇ ಆದ ಕಾರಣ ಸರಿಯಾಗಿಯೇ ಕಾಣುತ್ತಿತ್ತು. ಆ ಎಮೋಜಿ ಒಂದೇ ಚಿಹ್ನೆ, ಆದರೆ ಯುಟಿಎಫ್-16ರಲ್ಲಿ ಎರಡು ಘಟಕ. ಅದನ್ನೂ ಸರಿ ಮಾಡಿದ್ದಾಯಿತು. ಟ್ಯಾಬ್ ಒತ್ತಿದರೆ ಟರ್ಮಿನಲ್ಲಿನಲ್ಲಿ ಎಷ್ಟು ಕಾಲಂ ಎಂದು ಹೇಳಬೇಕು ಎಂಬುದು ಇನ್ನೂ ಬಾಕಿ ಇದೆ.